ಬಿಲ್ಟಿಯಲ್ಲಿ ‘ಕೊಡೆ ಸಾಮಾನು’ ಎಂದಷ್ಟೇ ಬರೆದರೆ ಸಾಲದು

ಮಾನ್ಯರೇ,

ಮುಂಬೈಯಿಂದ ಬಿಡಿಭಾಗ ತರಿಸಿ ಮಳೆಗಾಲಕ್ಕೆ ಮೊದಲೇ ಕೊಡೆ ಕಟ್ಟಿಡುವ ಕರಾವಳಿಯ ಸಣ್ಣ ಅಂಗಡಿಯವರಲ್ಲಿ ನಾನೂ ಒಬ್ಬ. ಕಳೆದ ವರ್ಷ ಬಂದ ಗೋಣಿಯೊಂದರಲ್ಲಿ ಚೌಕಟ್ಟುಗಳ ನಡುವೆಯೇ ಕತ್ತರಿಸಿದ ಬಟ್ಟೆಯನ್ನೂ ತುರುಕಿದ್ದರಿಂದ, ಕಡ್ಡಿಯ ತುದಿಗಳು ಬಟ್ಟೆಯನ್ನು ಸೀಳಿದ್ದವು. ಪರಿಹಾರ ಕೇಳಿದಾಗ, ಬಿಲ್ಟಿಯಲ್ಲಿ (ಸರಕು ಬುಕ್ ಮಾಡಿದಾಗ ಲಾರಿ ಕಚೇರಿಯವರು ಕೊಡುವ ರಸೀದಿಯಲ್ಲಿ) ‘ಕೊಡೆ ಸಾಮಾನು’ ಎಂದಷ್ಟೇ ಇದೆ, ಬಟ್ಟೆಯ ಉಲ್ಲೇಖವೇ ಇಲ್ಲ ಎಂದು ಲಾರಿ ಕಚೇರಿಯವರು ಕೈ ತೊಳೆದುಕೊಂಡರು. ಅವರ ಮಾತಿನಲ್ಲಿ ತಪ್ಪೂ ಇರಲಿಲ್ಲ.

ಪ್ರತಿ ಬಗೆಯ ಸರಕಿಗೂ ಒಂದು ಸಂಖ್ಯೆ ಕೊಡುವ ಸುಂಕಪಟ್ಟಿಯ 66ನೇ ಅಧ್ಯಾಯದಲ್ಲಿ ಪೂರ್ಣ ಕೊಡೆಗೆ 6601, ಅದರ ಭಾಗಗಳಿಗೆ 6603 ಎಂಬ ಶೀರ್ಷಿಕೆಗಳಿವೆ. ಚೌಕಟ್ಟು ಕೋಲಿಗೆ ಜೋಡಿಸಿದ ಸ್ಥಿತಿಯಲ್ಲಿದ್ದು, ನೋಡಲು ಮುಕ್ಕಾಲು ಕೊಡೆಯಂತೆಯೇ ಕಂಡರೂ ಅದು 660320ಕ್ಕೇ ಸೇರುತ್ತದೆ. ಹಿಡಿಗಳು 660390ಕ್ಕೆ ಹೋಗುತ್ತವೆ. ಬಟ್ಟೆಯ ಭಾಗಗಳನ್ನೂ ಕೊಡೆಯ ಚೀಲವನ್ನೂ ಅದೇ ಅಧ್ಯಾಯದ ಟಿಪ್ಪಣಿಯು 6603ರಿಂದ ಸ್ಪಷ್ಟವಾಗಿ ಹೊರಗಿಟ್ಟಿದೆ. ಸರಕಿನ ಮೌಲ್ಯ 50,000 ರೂಪಾಯಿ ದಾಟಿದರೆ ಸರಕು ಸಾಗಣೆಯ ಜಿಎಸ್‌ಟಿ ದಾಖಲೆಯಾದ ಇ-ವೇ ಬಿಲ್ಲಿನಲ್ಲಿ ಎಚ್‌ಎಸ್‌ಎನ್ ಸಂಖ್ಯೆ (ಅಂದರೆ ಸುಂಕಪಟ್ಟಿಯ ಇದೇ ಸಂಖ್ಯೆ) ನಮೂದಿಸಬೇಕಾಗುವುದರಿಂದ, ಎಲ್ಲವನ್ನೂ ಒಂದೇ ಹೆಸರಿನಡಿ ತಳ್ಳಿಬಿಡುವುದು ದಾರಿಯಲ್ಲಿ ತಪಾಸಣೆಗೆ ಸಿಕ್ಕಾಗಲೂ ತೊಡಕಾದೀತು.

ಬೇರೆ ಬೇರೆ ಬರೆದ ಮೇಲೆ ಬೇರೆ ಬೇರೆ ಕಟ್ಟುವುದೂ ಸುಲಭ. ಚೌಕಟ್ಟುಗಳನ್ನು ಮಡಚಿದ ಸ್ಥಿತಿಯಲ್ಲೇ ಡಜನ್ ಲೆಕ್ಕದಲ್ಲಿ ಬಿಗಿದು, ಒಂದರ ತಲೆ ಇನ್ನೊಂದರ ತುದಿಯ ಕಡೆ ಬರುವಂತೆ ಜೋಡಿಸಿ, ಎರಡೂ ಕೊನೆಗಳಿಗೆ ದಪ್ಪ ರಟ್ಟು ಸುತ್ತಿದರೆ ಜಾಗವೂ ಉಳಿಯುತ್ತದೆ. ಈ ಉಳಿತಾಯ ಸಣ್ಣದಲ್ಲ: 90 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ ಮತ್ತು ಎತ್ತರದ ಪೆಟ್ಟಿಗೆಗೆ ಕೊರಿಯರಿನವರು ಈ ಮೂರೂ ಅಳತೆಗಳನ್ನು ಗುಣಿಸಿ, 5,000ದಿಂದ ಭಾಗಿಸಿ ತೂಕದ ಲೆಕ್ಕ ಹಾಕಿದರೆ, ಒಳಗೆ ಹತ್ತೇ ಕಿಲೋ ಇದ್ದರೂ 16.2 ಕಿಲೋದ ಬಾಡಿಗೆ ಬೀಳುತ್ತದೆ. ಉಕ್ಕಿನ ಕಡ್ಡಿ ನಮ್ಮ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುವುದರಿಂದ ಪ್ಲಾಸ್ಟಿಕ್ ಹೊದಿಕೆ ಬೇಕೇ ಬೇಕು. ಹಿಡಿಗಳ ಪೆಟ್ಟಿಗೆಯ ಮೇಲೆ ಚೌಕಟ್ಟಿನ ಭಾರ ಹೇರಬಾರದು. ಸ್ಪ್ರಿಂಗ್, ತುದಿಟೋಪಿಗಳಂಥ ಚಿಲ್ಲರೆ ವಸ್ತುಗಳನ್ನು ಸಣ್ಣ ಡಬ್ಬಿಗಳಲ್ಲಿ ಹಾಕಿ ಲೆಕ್ಕದ ಚೀಟಿ ಅಂಟಿಸಿದರೆ ಸಾಕು.

ಸಗಟು ವ್ಯಾಪಾರಿಗಳು ಚೌಕಟ್ಟು, ಹಿಡಿ, ಬಟ್ಟೆ ಎಂದು ಪ್ರತ್ಯೇಕ ಸಾಲುಗಳಲ್ಲಿ ಕಟ್ಟುಗಳ ಸಂಖ್ಯೆ ಸಹಿತ ಬರೆದುಕೊಡಬೇಕು, ಲಾರಿ ಕಚೇರಿಯವರು ಹಾಗೆ ಬರೆಯದ ಸರಕನ್ನು ಬುಕ್ ಮಾಡಿಕೊಳ್ಳಬಾರದು ಎಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ಕೊಡೆ ವ್ಯಾಪಾರಿ, ಉಡುಪಿ