ಹೊಗೆಗೂ ಒಂದು ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ಮುಳ್ಳಯ್ಯನಗಿರಿಯ ತಂಪು ಗಾಳಿ ಕುಡಿಯಲು ಬರುವವರು ದಾರಿಯಲ್ಲಿ ಚಿಕ್ಕಮಗಳೂರಿಗೆ ಹೊಗೆ ಕುಡಿಸಿ ಹೋಗುತ್ತಾರೆ. ಶನಿವಾರ ಬೆಳಿಗ್ಗೆ ಹನುಮಂತಪ್ಪ ವೃತ್ತದಲ್ಲಿ ನಿಂತರೆ ಗೊತ್ತಾಗುತ್ತದೆ. ಎಷ್ಟು ಹೊಗೆ ಎಂಬುದನ್ನು ಇಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆಯಿಂದ ಅಳೆಯಲಾಗದು. ಹೊರಗಿನ ಗಾಡಿಗಳು ಆ ಪಟ್ಟಿಯಲ್ಲೇ ಇರುವುದಿಲ್ಲ. ಮೇಲಾಗಿ, ಸರಾಗವಾಗಿ ಓಡುವ ಕಾರಿಗಿಂತ ನಿಂತು, ತೆವಳಿ, ಮತ್ತೆ ಹೊರಡುವ ಕಾರು ಪ್ರತಿ ಕಿಲೋಮೀಟರಿಗೆ ಹೆಚ್ಚು ಹೊಗೆ ಉಗುಳುತ್ತದೆ. ಗಿರಿಯ ಏರು ಬೇರೆ.

ರಸ್ತೆಗಳ ನಕ್ಷೆ ಮತ್ತು ವಾಹನಗಳ ಎಣಿಕೆ ಕೊಟ್ಟರೆ ಒಂದೊಂದು ಗಾಡಿಯ ಚಲನೆಯನ್ನೂ ಕಂಪ್ಯೂಟರಿನಲ್ಲಿ ಅನುಕರಿಸಿ ಹೊಗೆಯನ್ನು ಅಂದಾಜಿಸುವ ತಂತ್ರಾಂಶಗಳಿವೆ. ಜರ್ಮನಿಯಲ್ಲಿ ರೂಪುಗೊಂಡ ‘ಸುಮೋ’ ಉಚಿತವಾಗಿಯೇ ಸಿಗುತ್ತದೆ (ಹೆಸರು ಕೇಳಿ ಜೀಪು ಎಂದುಕೊಳ್ಳಬೇಡಿ). ಆದರೆ ಅದರೊಳಗಿನ ಹೊಗೆಯ ಕೋಷ್ಟಕಗಳು ಯುರೋಪಿನ ವಾಹನಗಳವು. ನಮ್ಮ ಆಟೊಗಳಿಗೆ, 2020ರ ಬಿಎಸ್-6 ಹೊಗೆ ಮಿತಿ ನಿಯಮಕ್ಕಿಂತ ಹಿಂದಿನ ಹಳೆಯ ಪಿಕಪ್‌ಗಳಿಗೆ ಅವನ್ನು ಹಾಗೆಯೇ ಅಂಟಿಸಿದರೆ ಲೆಕ್ಕ ಹಾದಿ ತಪ್ಪುತ್ತದೆ. ಪುಣೆಯ ಎಆರ್‌ಎಐ ಎಂಬ ವಾಹನ ಸಂಶೋಧನಾ ಸಂಸ್ಥೆ ಭಾರತೀಯ ವಾಹನಗಳನ್ನೇ ಪರೀಕ್ಷಿಸಿ ಸಿದ್ಧಪಡಿಸಿದ ಅಂಕಿಗಳಿವೆ, ಅವುಗಳನ್ನು ಬಳಸಬೇಕು.

ದಟ್ಟಣೆ ತಗ್ಗಿಸಲೆಂದು ಎಲ್ಲಾದರೂ ಏಕಮುಖ ಸಂಚಾರದ ಫಲಕ ನೆಡುವ ಮೊದಲು ಜಿಲ್ಲಾಡಳಿತ ಇಂಥ ಲೆಕ್ಕವೊಂದನ್ನು ಮಾಡಿಸಲಿ. ಎಣಿಕೆಗೆ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸಾಕು. ಒಂದು ಸಾಮಾನ್ಯ ವಾರ, ಒಂದು ದೀರ್ಘ ರಜೆಯ ವಾರ, ಎರಡನ್ನೂ ಎಣಿಸಲಿ.

– ಒಬ್ಬ ಓದುಗ, ಚಿಕ್ಕಮಗಳೂರು