ಹಳೆಯ ಲೇತ್‌ಗೆ ಹೊಸ ಚಕ್: ದರಕ್ಕಿಂತ ಮೊದಲು ವಿಚಾರಿಸಬೇಕಾದ್ದು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಸಣ್ಣ ಕೈಗಾರಿಕೆಗಳ ವಿಚಾರ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರಗಳು, ಬ್ಯಾಂಕ್ ಸಾಲ, ಸಹಾಯಧನ ಇವುಗಳ ಬಗ್ಗೆ ಸಾಕಷ್ಟು ಚರ್ಚೆ ನಡೆಯುತ್ತದೆ. ಆದರೆ ದಾವಣಗೆರೆ, ಹರಿಹರ, ಚನ್ನಗಿರಿಯ ಕಡೆ ರೈತರ ಟ್ರ್ಯಾಕ್ಟರ್ ಪಿನ್ನು, ಬುಷ್ಷು, ಮೆಕ್ಕೆಜೋಳದ ಒಕ್ಕಣೆ ಯಂತ್ರದ ಶಾಫ್ಟು, ಅಡಿಕೆ ಸುಲಿಯುವ ಯಂತ್ರದ ರೋಲರು ಇವನ್ನೆಲ್ಲ ದುರಸ್ತಿ ಮಾಡಿಕೊಡುವ ವರ್ಕ್‌ಶಾಪ್‌ಗಳು ಇಂದಿಗೂ ನಡೆಯುತ್ತಿರುವುದು ಎಚ್‌ಎಂಟಿ, ಮೈಸೂರು ಕಿರ್ಲೋಸ್ಕರ್‌ ಕಾಲದ ಲೇತ್‌ಗಳ (ಲೋಹದ ತುಂಡನ್ನು ತಿರುಗಿಸುತ್ತ ಕಡೆಯುವ ಯಂತ್ರಗಳ) ಮೇಲೆ, ಇಲ್ಲವೇ ಬಟಾಲಾ, ಲೂಧಿಯಾನ, ರಾಜಕೋಟ್‌ಗಳಿಂದ ಬಂದ ಅಗ್ಗದ ಲೇತ್‌ಗಳ ಮೇಲೆ. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ವರ್ಷಗಳೇ ಉರುಳಿದರೂ ಅಲ್ಲಿ ತಯಾರಾದ ಲೇತ್‌ಗಳ ಬೆಡ್ಡು, ಗೇರುಗಳು ಇನ್ನೂ ಗಟ್ಟಿಯಾಗಿವೆ. ಮೊದಲು ಸವೆದು ಕೈಕೊಡುವುದು ಚಕ್, ಅಂದರೆ ಕಡೆಯಬೇಕಾದ ತುಂಡನ್ನು (ಜಾಬ್) ಕಚ್ಚಿ ಹಿಡಿದು ತಿರುಗಿಸುವ ಭಾಗ. ಹೀಗಾಗಿ ಕಡಿಮೆ ಖರ್ಚಿನಲ್ಲಿ ಬದಲಿ ಚಕ್ ಆರಿಸಿಕೊಳ್ಳುವುದು ಹೇಗೆಂಬುದರ ಬಗ್ಗೆ ನಾಲ್ಕು ಮಾತು ಬರೆಯುವುದು ಉಪಯುಕ್ತವೆಂದು ಭಾವಿಸಿ ಈ ಪತ್ರ ಬರೆಯುತ್ತಿದ್ದೇನೆ.

ಅಂಗಡಿಗೆ ಹೋಗುವ ಮೊದಲು, ದೋಷ ನಿಜವಾಗಿಯೂ ಚಕ್‌ನಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಜಾಬ್ ಔಟ್ ಓಡುತ್ತಿದೆ, ಅಂದರೆ ಮಧ್ಯ ತಪ್ಪಿ ಓಲಾಡುತ್ತ ತಿರುಗುತ್ತಿದೆ ಎಂದ ಕೂಡಲೇ ಚಕ್ ಹೋಯಿತೆಂದು ತೀರ್ಮಾನಿಸುವವರೇ ಹೆಚ್ಚು. ಚಕ್ ಬಿಚ್ಚಿ, ಸ್ಪಿಂಡಲ್ (ಚಕ್ ಅನ್ನು ಹೊತ್ತು ತಿರುಗುವ ದಂಡ) ಮೂತಿಯನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಅದರ ಮೊನಚು (ಟೇಪರ್) ಭಾಗಕ್ಕೂ ಮುಖಕ್ಕೂ ಡಯಲ್ ಗೇಜ್ (ಸಣ್ಣ ಓಲಾಟವನ್ನೂ ಮುಳ್ಳಿನಲ್ಲಿ ತೋರಿಸುವ ಮಾಪಕ) ಹಚ್ಚಿ ಕೈಯಿಂದ ತಿರುಗಿಸಿ ನೋಡಬೇಕು. ಅಲ್ಲಿಯೇ ಮುಳ್ಳು ಅಲುಗುತ್ತಿದ್ದರೆ ಬೇರಿಂಗ್ ಕಡೆ ಗಮನ ಕೊಡಬೇಕೇ ಹೊರತು ಹೊಸ ಚಕ್‌ಗೆ ಹಣ ಸುರಿದು ಪ್ರಯೋಜನವಿಲ್ಲ. ಎಷ್ಟೋ ಸಲ ಚಕ್ ಮತ್ತು ಸ್ಪಿಂಡಲ್ ಮುಖದ ನಡುವೆ ಸಿಕ್ಕಿಕೊಂಡ ಒಂದು ಲೋಹದ ಚೂರು, ಅಥವಾ ಚಕ್ ಕೆಳಗೆ ಬಿದ್ದಾಗ ಎದ್ದ ಒಂದು ಸಣ್ಣ ಬರ್ರ್ (ಲೋಹದ ಮುಳ್ಳು), ಇಡೀ ಚಕ್ ಅನ್ನು ಓರೆ ಕೂರಿಸಿರುತ್ತದೆ. ನಯವಾದ ಎಣ್ಣೆಕಲ್ಲಿನಿಂದ ಆ ಬರ್ರ್ ತೆಗೆದರೆ ಕೆಲಸ ಮುಗಿಯುತ್ತದೆ.

ಸ್ಪಿಂಡಲ್ ಸರಿಯಿದ್ದರೆ ಚಕ್ ಅನ್ನು ಮತ್ತೆ ಕೂರಿಸಿ, ಗ್ರೈಂಡ್ ಮಾಡಿದ ನೇರ ಸರಳುಗಳನ್ನು ಬೇರೆ ಬೇರೆ ವ್ಯಾಸಗಳಲ್ಲಿ ಹಿಡಿಸಿ ನೋಡಬೇಕು. ಎಲ್ಲ ವ್ಯಾಸಗಳಲ್ಲೂ ಔಟ್ ಹೆಚ್ಚುಕಡಿಮೆ ಒಂದೇ ಇದ್ದರೆ ಜಾಗಳಲ್ಲೋ (ಜಾ ಎಂದರೆ ಜಾಬ್ ಅನ್ನು ಕಚ್ಚಿ ಹಿಡಿಯುವ ದವಡೆ) ಚಕ್ ಕೂತಿರುವ ರೀತಿಯಲ್ಲೋ ದೋಷವಿದೆ. ಒಂದೊಂದು ವ್ಯಾಸಕ್ಕೆ ಒಂದೊಂದು ರೀತಿ ಬರುತ್ತಿದ್ದರೆ ಜಾಗಳನ್ನು ಒಟ್ಟಿಗೆ ಸರಿಸುವ ಒಳಗಿನ ಸುರುಳಿ ಹಲ್ಲಿನ ಸ್ಕ್ರೋಲ್ ತಟ್ಟೆಯೇ ಅಲ್ಲಲ್ಲಿ ಸವೆದಿದೆ ಎಂದರ್ಥ. ಹೆಚ್ಚು ಬಳಕೆಯಲ್ಲಿರುವ ಅಳತೆಯ ಕಡೆ ಸವೆತ ಹೆಚ್ಚು; ಚಕ್ ಕೀ ತಿರುಗಿಸುವಾಗ ಅಲ್ಲಿ ಸಡಿಲವಾಗಿ, ಬೇರೆ ಕಡೆ ಬಿಗಿಯಾಗಿ ಬರುವುದು ಕೈಗೇ ತಿಳಿಯುತ್ತದೆ. ಚಕ್ ಬಳಿ ಔಟ್ ಕಡಿಮೆಯಿದ್ದು, 100 ಮಿ.ಮೀ. ಆಚೆ ಜಾಸ್ತಿಯಾಗುತ್ತಿದ್ದರೆ ಜಾಗಳ ಬಾಯಿ ಮುಂಭಾಗದಲ್ಲಿ ಸವೆದು ಅಗಲವಾಗಿರುವ ಸಾಧ್ಯತೆ ಹೆಚ್ಚು. ಅಂಥ ಜಾ ಹಿಂಭಾಗದಲ್ಲಿ ಮಾತ್ರ ಕಚ್ಚಿ ಹಿಡಿಯುವುದರಿಂದ ಜಾಬ್ ಟೂಲ್‌ನ ಒತ್ತಡಕ್ಕೆ ಅಲ್ಲಾಡುತ್ತದೆ.

ಸ್ಕ್ರೋಲ್ ಹೋಗಿದ್ದರೆ ಆ ಚಕ್‌ಗೆ ಮಾಡಬಹುದಾದ ಅಗ್ಗದ ಚಿಕಿತ್ಸೆ ಇಲ್ಲ. ಬರೀ ಜಾಗಳ ಬಾಯಿ ಹೋಗಿದ್ದರೆ ಲೇತ್ ಮೇಲೆಯೇ ಟೂಲ್‌ಪೋಸ್ಟ್ ಗ್ರೈಂಡರ್ (ಟೂಲ್ ಹಿಡಿಯುವ ಕಡೆ ಕಟ್ಟುವ ಸಾಣೆ ಯಂತ್ರ) ಕಟ್ಟಿ ಗ್ರೈಂಡ್ ಮಾಡಬಹುದು. ಆದರೆ ಜಾಗಳು ಸಡಿಲವಾಗಿರುವಾಗ ಗ್ರೈಂಡ್ ಮಾಡಿದರೆ ಶ್ರಮವೆಲ್ಲ ವ್ಯರ್ಥ. ಕೆಲಸದ ವೇಳೆ ಜಾಗಳ ಮೇಲೆ ಯಾವ ದಿಕ್ಕಿನಲ್ಲಿ ಒತ್ತಡ ಬೀಳುತ್ತದೆಯೋ ಅದೇ ದಿಕ್ಕಿನಲ್ಲಿ ಒತ್ತಡ ಬೀಳುವಂತೆ ಅವಕ್ಕೆ ಏನನ್ನಾದರೂ ಕಚ್ಚಿಸಿ ಬಿಗಿಗೊಳಿಸಿ, ಗ್ರೈಂಡಿಂಗ್ ಪುಡಿ ಬೀಳದಂತೆ ಬೆಡ್ ಮೇಲೆ ಬಟ್ಟೆ ಹಾಸಿ, ಆಮೇಲೆಯೇ ಕಲ್ಲು ತಾಗಿಸಬೇಕು. ಹಳೆಯ ಚಕ್‌ಗೆ ಹೊಸ ಜಾ ಮಾತ್ರ ತಂದು ಹಾಕುತ್ತೇನೆ ಎನ್ನುವವರು, ಒಂದೇ ಕಂಪನಿ, ಒಂದೇ ಅಳತೆಯೆಂದು ಬರೆದಿದ್ದರೂ ಜಾಗಳು ಹೊಂದದೆ ಹೋಗಬಹುದೆಂಬುದನ್ನು ನೆನಪಿಡಬೇಕು. ಹೆಚ್ಚಿನ ಚಕ್‌ಗಳಲ್ಲಿ ಜಾಗಳನ್ನು ಆಯಾ ಚಕ್‌ಗೇ ಹೊಂದಿಸಿ 1, 2, 3 ಎಂದು ಅಂಕಿ ಒತ್ತಿರುತ್ತಾರೆ.

ಇನ್ನು ಕೊಳ್ಳುವ ಮಾತು. ನಮ್ಮಲ್ಲಿ ಅಂಗಡಿಗೆ ಹೋದವರು ಕೇಳುವ ಮೊದಲ ಪ್ರಶ್ನೆ ‘ಎಂಟು ಇಂಚಿಂದು ಎಷ್ಟು?’ ಎಂಬುದು. ಮೊದಲು ವಿಚಾರಿಸಬೇಕಾದ್ದು ಅದು ನಮ್ಮ ಸ್ಪಿಂಡಲ್‌ಗೆ ಕೂರುತ್ತದೆಯೇ ಎಂಬುದನ್ನು. ಹಳೆಯ ಬೆಲ್ಟ್ ಲೇತ್‌ಗಳಲ್ಲಿ ಸ್ಪಿಂಡಲ್ ಮೂತಿಗೆ ಥ್ರೆಡ್ ಇರುತ್ತದೆ. ಅದಕ್ಕೆ ಬ್ಯಾಕ್ ಪ್ಲೇಟ್ (ಚಕ್ ಮತ್ತು ಸ್ಪಿಂಡಲ್ ನಡುವೆ ಕೂರುವ ತಟ್ಟೆ) ಬೇಕು, ಮತ್ತು ಥ್ರೆಡ್‌ನ ವ್ಯಾಸ, ಪಿಚ್ ಎರಡರ ಜೊತೆಗೆ ಥ್ರೆಡ್‌ನ ಹಿಂದಿರುವ ನಯವಾದ ಕೊರಳಿನ ವ್ಯಾಸವನ್ನೂ ಅಳೆದುಕೊಂಡು ಹೋಗಬೇಕು. ಏಕೆಂದರೆ ಚಕ್ ಅನ್ನು ಮಧ್ಯಕ್ಕೆ ತರುವುದು ಆ ಕೊರಳು, ಥ್ರೆಡ್ ಅಲ್ಲ. ಸ್ವಲ್ಪ ಈಚಿನ ಲೇತ್‌ಗಳಲ್ಲಿ ಕ್ಯಾಮ್‌ಲಾಕ್ (ಚಕ್‌ನ ಪಿನ್‌ಗಳನ್ನು ಸ್ಪಿಂಡಲ್‌ನ ಕ್ಯಾಮ್ ತಿರುಗಿಸಿ ಬಿಗಿಯುವ ಜೋಡಣೆ) ಇರುತ್ತದೆ. ಅದರಲ್ಲಿ ಡಿ1-4ಕ್ಕೆ ಮೂರು ಪಿನ್, ಡಿ1-5, ಡಿ1-6, ಡಿ1-8ಕ್ಕೆ ಆರು ಪಿನ್. ಮೊನಚಿನ ದೊಡ್ಡ ವ್ಯಾಸ ಡಿ1-4ರಲ್ಲಿ ಸುಮಾರು 63.5 ಮಿ.ಮೀ., ಡಿ1-5ರಲ್ಲಿ 82.6, ಡಿ1-6ರಲ್ಲಿ 106.4, ಡಿ1-8ರಲ್ಲಿ 139.7. ವರ್ನಿಯರ್ ಹಿಡಿದರೆ ಯಾವುದೆಂಬ ಅನುಮಾನ ಉಳಿಯುವುದಿಲ್ಲ. ಇವಲ್ಲದೆ ಬೋಲ್ಟ್ ಹಾಕುವ ಎ2 ಮಾದರಿ, ಉದ್ದ ಮೊನಚಿನ ಎಲ್ ಮಾದರಿಗಳೂ ಇವೆ. ಇವುಗಳಲ್ಲಿ ಒಂದರ ಬದಲು ಇನ್ನೊಂದನ್ನು ತಂದು ‘ಅಡಾಪ್ಟರ್ ಹಾಕಿಕೊಳ್ಳಿ’ ಎಂದು ಮಾರುವವರೂ ಇದ್ದಾರೆ. ಅಡಾಪ್ಟರ್ ಹಾಕಿದಷ್ಟೂ ಚಕ್ ಬೇರಿಂಗ್‌ನಿಂದ ಮುಂದಕ್ಕೆ ಹೋಗಿ, ದಪ್ಪ ಕಟ್ ತೆಗೆಯುವಾಗ ಜಾಬ್ ನಡುಗಲು ಶುರುವಾಗುತ್ತದೆ ಎಂಬುದನ್ನು ಅವರು ಹೇಳುವುದಿಲ್ಲ.

ಕ್ಯಾಮ್‌ಲಾಕ್‌ನಲ್ಲಿ ಮೊನಚು ಮತ್ತು ಮುಖ ಎರಡೂ ಕೂರಬೇಕು. ಅಗ್ಗದ ಚಕ್‌ಗಳಲ್ಲಿ ಮೊನಚು ಮಾತ್ರ ಕೂತು, ಮುಖಗಳ ನಡುವೆ ಸಂದು ಉಳಿಯುವುದು ಸಾಮಾನ್ಯ ದೋಷ. ಬಿಗಿಗೊಳಿಸಿದ ಮೇಲೆ ಫೀಲರ್ ಗೇಜ್‌ನ (ಸಂದು ಅಳೆಯುವ ತೆಳು ಪಟ್ಟಿಗಳ ಕಟ್ಟು) ಅತಿ ತೆಳುವಾದ ಎಲೆಯೂ ಎಲ್ಲಿಯೂ ಒಳಗೆ ಹೋಗಬಾರದು. ಕ್ಯಾಮ್‌ಗಳ ಗುರುತು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ 3ರಿಂದ 6ರ ನಡುವೆ ಬಿಗಿಯಬೇಕು. ಅದಕ್ಕಿಂತ ಮೊದಲೋ ಆಮೇಲೋ ನಿಂತರೆ ಪಿನ್‌ನ ಉದ್ದವನ್ನು ಒಂದು ಸುತ್ತು ಹೆಚ್ಚುಕಡಿಮೆ ಮಾಡಿ ಸರಿಪಡಿಸಬಹುದು. ಇದು ದೋಷವಲ್ಲ, ಹೊಂದಾಣಿಕೆ ಅಷ್ಟೆ. ಇದನ್ನು ತಿಳಿಯದೆ ಒಳ್ಳೆಯ ಚಕ್ ಅನ್ನೇ ವಾಪಸು ಕೊಡಲು ಹೊರಡುವವರಿದ್ದಾರೆ.

ಬ್ಯಾಕ್ ಪ್ಲೇಟ್ ಇರುವ ಚಕ್ ಕೊಳ್ಳುವವರಿಗೆ ಒಂದು ಅನುಕೂಲವಿದೆ. ಹಿಂಬದಿ ಸಪಾಟಾಗಿರುವ ಚಕ್‌ಗಳು ನೇರವಾಗಿ ಕ್ಯಾಮ್‌ಲಾಕ್‌ಗೆ ಕೂರುವ ಚಕ್‌ಗಳಿಗಿಂತ ಸುಲಭವಾಗಿ ಸಿಗುತ್ತವೆ, ಮುಂದೆ ಲೇತ್ ಬದಲಾದರೂ ಬ್ಯಾಕ್ ಪ್ಲೇಟ್ ಮಾತ್ರ ಬದಲಿಸಿ ಅದೇ ಚಕ್ ಬಳಸಬಹುದು. ಬೀಡಿನ (ಎರಕದ ಕಬ್ಬಿಣದ) ಬ್ಯಾಕ್ ಪ್ಲೇಟ್ ಅನ್ನು ಸ್ಪಿಂಡಲ್‌ಗೆ ಹಾಕಿ, ಚಕ್ ಕೂರುವ ಮುಂಭಾಗದ ಮೆಟ್ಟಿಲನ್ನು (ಸ್ಟೆಪ್) ಅದೇ ಲೇತ್‌ನಲ್ಲಿ ಟರ್ನಿಂಗ್ ಮಾಡಿ, ಫೇಸಿಂಗ್ ತೆಗೆದು (ಮುಖ ಸಪಾಟು ಮಾಡಿ), ಬೋಲ್ಟಿನ ತೂತು ಹಾಕಿಕೊಳ್ಳಬೇಕು. ಬೇರೆ ಲೇತ್‌ನಲ್ಲಿ ಸಿದ್ಧಪಡಿಸಿ ತಂದ ಪ್ಲೇಟ್ ನಮ್ಮ ಸ್ಪಿಂಡಲ್‌ನ ಮೇಲೆ ನೇರವಾಗಿ ಓಡುವ ಭರವಸೆ ಇಲ್ಲ. ಸ್ಟೆಪ್ ಅನ್ನು ಕೈಯಿಂದ ಒತ್ತಿದರೆ ಕೂರುವಷ್ಟು ಬಿಗಿಯಾಗಿ ಇಡುವುದು ವಾಡಿಕೆ. ಕೆಲವು ಹಳೆಯ ಟರ್ನರ್‌ಗಳು ಉದ್ದೇಶಪೂರ್ವಕವಾಗಿ ಒಂದೆರಡು ದಶಾಂಶ ಮಿಲಿಮೀಟರು ಸಡಿಲ ಬಿಟ್ಟು, ಸರಳು ಹಿಡಿಸಿ, ಡಯಲ್ ನೋಡುತ್ತ ಚಕ್ ಅನ್ನು ಮೆಲ್ಲಗೆ ತಟ್ಟಿ ಮಧ್ಯಕ್ಕೆ ತಂದು ಬೋಲ್ಟ್ ಬಿಗಿಯುತ್ತಾರೆ. ಹಗುರ ಕೆಲಸಕ್ಕೆ ಇದು ಒಳ್ಳೆಯ ಉಪಾಯ. ಕೀವೇ (ಉದ್ದನೆಯ ಕಚ್ಚು) ಇರುವ ಶಾಫ್ಟಿನಂತೆ ಏಟು ಬೀಳುವ ಕಟಿಂಗ್ ಇದ್ದಲ್ಲಿ ಚಕ್ ಸರಿದುಹೋಗುತ್ತದೆಯಾದ್ದರಿಂದ ನಾನು ಬಿಗಿ ಸ್ಟೆಪ್‌ನ ಪರ.

ಈಗ ನನ್ನ ಮುಖ್ಯ ಅಭಿಪ್ರಾಯಕ್ಕೆ ಬರುತ್ತೇನೆ. ದುರಸ್ತಿ ಕೆಲಸವೇ ಪ್ರಧಾನವಾಗಿರುವ, ಒಂದೇ ಚಕ್‌ಗೆ ಹಣವಿರುವ ವರ್ಕ್‌ಶಾಪ್ ಮೂರನೇ ದರ್ಜೆಯ ತ್ರೀ ಜಾ ಚಕ್ (ಮೂರೂ ಜಾ ಒಟ್ಟಿಗೆ ಸರಿಯುವಂಥದು) ಕೊಳ್ಳುವ ಬದಲು ಅದೇ ಹಣಕ್ಕೆ ಒಳ್ಳೆಯ ಫೋರ್ ಜಾ ಇಂಡಿಪೆಂಡೆಂಟ್ ಚಕ್ (ನಾಲ್ಕೂ ಜಾ ಬೇರೆ ಬೇರೆಯಾಗಿ ಸರಿಯುವಂಥದು) ಕೊಳ್ಳುವುದು ಲೇಸು. ತ್ರೀ ಜಾ ಚಕ್ ಹೊಸದಾಗಿದ್ದರೂ, ಹೆಸರಾಂತ ಕಂಪನಿಯದಾಗಿದ್ದರೂ 0.05ರಿಂದ 0.1 ಮಿ.ಮೀ.ವರೆಗೆ ಔಟ್ ಇರುವುದು ಸಹಜ. ಸ್ಕ್ರೋಲ್, ಅದನ್ನು ತಿರುಗಿಸುವ ಸಣ್ಣ ಗೇರಾದ ಪಿನಿಯನ್, ಜಾ ಮೂರೂ ನಿಖರವಾಗಿರಬೇಕಾದ್ದರಿಂದ ಅಗ್ಗಕ್ಕೆ ಮಾಡಿದಾಗ ಹೊಡೆತ ಬೀಳುವುದು ಅದೇ ನಿಖರತೆಗೆ. ಫೋರ್ ಜಾದಲ್ಲಿ ಪ್ರತಿ ಜಾಗೂ ಬೇರೆ ಬೇರೆ ಸ್ಕ್ರೂ ಇರುವುದರಿಂದ ಎಷ್ಟು ನಿಖರತೆ ಬೇಕೋ ಅಷ್ಟನ್ನು ಡಯಲ್ ಹಚ್ಚಿ ನಾವೇ ತರಬಹುದು. ಚಕ್ ಸ್ವಲ್ಪ ಸವೆದರೂ ಅದು ಕೆಡುವುದಿಲ್ಲ. ಹಿಡಿತ ಹೆಚ್ಚು. ಚೌಕ, ಆಯತ, ವಕ್ರ ಬೀಡಿನ ಎರಕ, ಮಧ್ಯ ಬಿಟ್ಟು ಬೋರ್ ಹಾಕಬೇಕಾದ ಎಕ್ಸೆಂಟ್ರಿಕ್, ಎಲ್ಲವನ್ನೂ ಹಿಡಿಯುತ್ತದೆ. ಹಳೆಯ ಶಾಫ್ಟ್ ಅನ್ನು ತಿರುಗಿ ಹಿಡಿಸಿ ಮೊದಲಿನ ಮಧ್ಯಕ್ಕೇ ತರಬೇಕಾದಾಗ ತ್ರೀ ಜಾದವರು ಕಾಗದ, ತಗಡಿನ ಪ್ಯಾಕಿಂಗ್ ಇಟ್ಟು ಒದ್ದಾಡುವುದನ್ನು ಎಲ್ಲ ಟರ್ನರ್‌ಗಳೂ ಬಲ್ಲರು.

‘ಸೆಟ್ಟಿಂಗ್‌ಗೆ ಹೊತ್ತು ಹಿಡಿಯುತ್ತದೆ’ ಎಂಬ ಆಕ್ಷೇಪ ಸರಿಯೇ. ಒಂದೇ ಬುಷ್ಷನ್ನು ರಾಶಿಗಟ್ಟಲೆ ಮಾಡುವ ಜಾಬ್‌ವರ್ಕ್ ಘಟಕಗಳಿಗೆ ನನ್ನ ಮಾತು ಅನ್ವಯಿಸುವುದಿಲ್ಲ. ಅವರು ಒಳ್ಳೆಯ ತ್ರೀ ಜಾ ಚಕ್ ಅನ್ನೇ ಕೊಂಡು, ಸಾಧ್ಯವಾದರೆ ಮೇಲಿನ ಜಾ ಬಿಚ್ಚಿ ಹಾಕಬಹುದಾದ ಎರಡು ತುಂಡಿನ ಜಾ ಇರುವುದನ್ನೇ ಆರಿಸಿ, ಸಾಫ್ಟ್ ಜಾ (ಕಡೆದು ಅಳತೆಗೆ ತರಬಹುದಾದ ಮೆದು ಜಾ) ಕೂರಿಸಿ ಅದೇ ಅಳತೆಗೆ ಬೋರ್ ಹೊಡೆದುಕೊಂಡರೆ ಸಾಮಾನ್ಯ ಚಕ್‌ನಿಂದಲೂ ಒಳ್ಳೆಯ ಫಲ ಸಿಗುತ್ತದೆ. ಆದರೆ ದಿನಕ್ಕೊಂದು ಬಗೆಯ ಜಾಬ್ ಬರುವ ಕಡೆ, ಎದುರುಬದುರಿನ ಎರಡು ಜಾಗಳನ್ನು ಜೋಡಿಯಾಗಿ ನೋಡಿ, ಡಯಲ್‌ನ ವ್ಯತ್ಯಾಸದ ಅರ್ಧದಷ್ಟನ್ನು ಮಾತ್ರ ಸರಿಸುವ ರೂಢಿ ಬಂದರೆ ಐಟಿಐ ಮುಗಿಸಿದ ಹುಡುಗನೂ ಕೆಲವೇ ನಿಮಿಷಗಳಲ್ಲಿ ಸೆಟ್ ಮಾಡುತ್ತಾನೆ. ಎರಡು ಚಕ್ ಕೀ ಇಟ್ಟುಕೊಂಡು ಎದುರುಬದುರು ಒಟ್ಟಿಗೆ ತಿರುಗಿಸಿದರೆ ಇನ್ನೂ ಬೇಗ. ಸವೆದ ತ್ರೀ ಜಾ ಚಕ್ ಅನ್ನು ಎಸೆಯಬೇಕಿಲ್ಲ. ರಫಿಂಗ್‌ಗೆ (ಒರಟು ಕಡೆತಕ್ಕೆ), ಫೇಸಿಂಗ್‌ಗೆ ಅದೇ ಸಾಕು.

ಅಳತೆಯ ವಿಚಾರದಲ್ಲಿ ದೊಡ್ಡದಿದ್ದಷ್ಟೂ ಒಳ್ಳೆಯದೆಂಬ ಭ್ರಮೆ ಬೇಡ. ದೊಡ್ಡ ಚಕ್‌ನ ಭಾರವೆಲ್ಲ ಮುಂದಿನ ಬೇರಿಂಗ್ ಮೇಲೆ ಬೀಳುತ್ತದೆ, ಸ್ಟಾರ್ಟ್ ಮಾಡುವಾಗ ಮೋಟಾರ್ ಹಾಗೂ ಬೆಲ್ಟ್ ಒದ್ದಾಡುತ್ತವೆ, ಸಣ್ಣ ಸರಳುಗಳನ್ನು ಹಿಡಿಯಲೂ ಅದು ಬಾರದು. ಚಕ್‌ನ ನಡುವಿನ ತೂತು ಸ್ಪಿಂಡಲ್‌ನ ತೂತಿಗಿಂತ ಕಿರಿದಾಗಿದ್ದರೆ ಉದ್ದ ಸರಳು ಒಳಗೆ ಹೋಗುವುದಿಲ್ಲವಾದ್ದರಿಂದ ಅದನ್ನೂ ಅಳೆಯಬೇಕು. ಬೀಡಿನ ಮೈಯೋ ಉಕ್ಕಿನ ಮೈಯೋ ಎಂಬ ಪ್ರಶ್ನೆಗೆ ಉತ್ತರ ಲೇತ್‌ನ ವೇಗದಲ್ಲಿದೆ. 200 ಮಿ.ಮೀ. ಚಕ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 21 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅಂಥ ವೇಗಕ್ಕೆ ಉಕ್ಕಿನ ಮೈಯೇ ಕ್ಷೇಮ. ವೇಗ ಇಮ್ಮಡಿಯಾದರೆ ಜಾಗಳನ್ನು ಹೊರಕ್ಕೆ ಎಳೆಯುವ ಬಲ ನಾಲ್ಕು ಪಟ್ಟಾಗಿ ಹಿಡಿತವೂ ಕುಗ್ಗುತ್ತದೆ. ನಿಧಾನವಾಗಿ ಓಡುವ ಹಳೆಯ ಲೇತ್‌ಗಳಿಗೆ ಒಳ್ಳೆಯ ಬೀಡಿನ ಚಕ್ ಧಾರಾಳವಾಗಿ ಸಾಕು. ಮುಖದ ಮೇಲೆ ಗರಿಷ್ಠ ವೇಗವನ್ನೇ ಕೆತ್ತದ ಚಕ್ ಅನ್ನು ಮಾತ್ರ ಎಷ್ಟೇ ಅಗ್ಗವಾದರೂ ಮುಟ್ಟಬಾರದು.

ಸೆಕೆಂಡ್ ಹ್ಯಾಂಡ್ ಮಾಲಿನಲ್ಲಿ ಒಳ್ಳೆಯ ಚಕ್ ಸಿಗುವುದುಂಟು. ಮುಚ್ಚಿದ ಕಾರ್ಖಾನೆಗಳಿಂದ ಗುಜರಿಗೆ ಬಂದ ಹಳೆಯ ಇಂಗ್ಲಿಷ್, ಜರ್ಮನ್ ಚಕ್‌ಗಳು ಈಗಿನ ಹೊಸ ಅಗ್ಗದ ಚಕ್‌ಗಳಿಗಿಂತ ಎಷ್ಟೋ ಮೇಲು. ಆದರೆ ಬಣ್ಣ ಬಳಿದು ಹೊಳೆಯುವಂತೆ ಮಾಡಿದ್ದನ್ನು ನೋಡಿ ಮರುಳಾಗದೆ, ಅಂಗಡಿಯಲ್ಲೇ ಜಾಗಳನ್ನು ಪೂರ್ತಿ ಹೊರತೆಗೆಸಬೇಕು. ಮೂರಕ್ಕೆ ಮೂರೂ ಒಂದೇ ಸೆಟ್‌ನವೇ, ಸ್ಕ್ರೋಲ್‌ನ ಹಲ್ಲು ಸವೆದು ಚೂಪಾಗಿವೆಯೇ, ಜಾ ಜಾರುವ ಗಾಡಿಯ ಮೂಲೆಗಳಲ್ಲಿ ಕೂದಲೆಳೆಯಷ್ಟು ಬಿರುಕಿದೆಯೇ, ಕೀ ಹಾಕುವ ಚೌಕ ದುಂಡಗಾಗಿದೆಯೇ ಎಂದು ಟಾರ್ಚ್ ಬಿಟ್ಟು ನೋಡಬೇಕು. ಹಲ್ಲು ಚೂಪಾದಷ್ಟೂ ಸವೆತ ಹೆಚ್ಚು ಎಂಬುದನ್ನು ಹೊಸಬರು ತಿರುಗುಮುರುಗಾಗಿ ತಿಳಿಯುತ್ತಾರೆ. ಜಾಗಳನ್ನು ಅರ್ಧ ಹೊರಗೆ ತಂದು ಕೈಯಲ್ಲಿ ಅಲ್ಲಾಡಿಸಿದರೆ ಗಾಡಿಯ ಸವೆತ ಗೊತ್ತಾಗುತ್ತದೆ. ಕೆಲವು ಚಕ್‌ಗಳಲ್ಲಿ ಮೂರು ಕೀ ತೂತುಗಳ ಪೈಕಿ ಒಂದರ ಪಕ್ಕದಲ್ಲಿ ಸೊನ್ನೆಯೋ ಚುಕ್ಕೆಯೋ ಇರುತ್ತದೆ. ಯಾವಾಗಲೂ ಅಲ್ಲಿಂದಲೇ ಕೊನೆಯ ಬಿಗಿತ ಕೊಟ್ಟರೆ ಔಟ್ ಕಡಿಮೆ.

ದರದ ಲೆಕ್ಕ ಹಾಕುವಾಗ 18% ಜಿಎಸ್‌ಟಿಯನ್ನು ಮರೆಯಬಾರದು. ನೋಂದಣಿಯಿಲ್ಲದ, ಇಲ್ಲವೇ ಕಾಂಪೋಸಿಷನ್ ಪದ್ಧತಿಯಲ್ಲಿರುವ ಸಣ್ಣ ವರ್ಕ್‌ಶಾಪ್‌ಗೆ ಆ ತೆರಿಗೆ ವಾಪಸು ಬರುವುದಿಲ್ಲ, ಹಾಗಾಗಿ ಅದು ಪೂರ್ತಿ ಖರ್ಚೇ. ಬ್ಯಾಕ್ ಪ್ಲೇಟ್, ಬೋಲ್ಟು, ತಿರುಗಿಸಿ ಹಾಕುವ ಹೊರ ಜಾ, ಚಕ್ ಕೀ ಇವು ದರದಲ್ಲಿ ಸೇರಿವೆಯೇ ಎಂದು ಮೊದಲೇ ಕೇಳಿ ಬಿಲ್‌ನಲ್ಲಿ ಬರೆಸಿಕೊಳ್ಳುವುದು ಒಳಿತು.

ತಮ್ಮ ಪತ್ರಿಕೆಯ ಮೂಲಕ ಎರಡು ಕೋರಿಕೆಗಳು. ಯಂತ್ರೋಪಕರಣ ಮಾರುವ ವರ್ತಕರು ಬಿಲ್‌ನಲ್ಲಿ ‘ಲೇತ್ ಚಕ್ 8 ಇಂಚು’ ಎಂದಷ್ಟೇ ಬರೆಯದೆ, ಸ್ಪಿಂಡಲ್ ಮೂತಿಯ ಮಾದರಿ, ಮೈ ಬೀಡಿನದೋ ಉಕ್ಕಿನದೋ, ಗರಿಷ್ಠ ವೇಗ ಹಾಗೂ ಒಪ್ಪಿತ ಔಟ್ ಎಷ್ಟು ಎಂಬುದನ್ನು ನಮೂದಿಸಲಿ; ಹಾಗಾದರೆ ಹೊಂದದ ಮಾಲನ್ನು ಹಿಂದಿರುಗಿಸುವಾಗ ವಾದಕ್ಕೆ ಆಸ್ಪದವಿರುವುದಿಲ್ಲ. ಎರಡನೆಯದಾಗಿ, ರಾಜ್ಯದ ಹಲವು ಊರುಗಳಲ್ಲಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಗಳು, ಸರ್ಕಾರಿ ಐಟಿಐಗಳು ತಿಂಗಳಿಗೊಂದು ದಿನ ಅಲ್ಪ ಶುಲ್ಕಕ್ಕೆ ಹೊರಗಿನವರ ಚಕ್‌ಗಳನ್ನು ಪರೀಕ್ಷಿಸಿ, ಜಾ ಗ್ರೈಂಡ್ ಮಾಡಿಕೊಡುವ ವ್ಯವಸ್ಥೆ ಮಾಡಲಿ. ಗ್ರೈಂಡರು, ಡಯಲ್ ಗೇಜು, ಕಲಿಯುವ ಹುಡುಗರು ಎಲ್ಲವೂ ಅಲ್ಲಿದ್ದಾರೆ. ಜಿಲ್ಲಾ ಕೈಗಾರಿಕಾ ಕೇಂದ್ರದವರು ಈ ದಿನಾಂಕಗಳನ್ನು ಮುಂಚಿತವಾಗಿ ಪ್ರಕಟಿಸಿದರೆ ತಾಲ್ಲೂಕಿನ ವರ್ಕ್‌ಶಾಪ್‌ನವರು ತಮ್ಮ ಚಕ್ ಬಿಚ್ಚಿಕೊಂಡು ಬರಲು ಅನುಕೂಲವಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಲೇತ್ ವರ್ಕ್‌ಶಾಪ್ ಮಾಲೀಕ, ಹರಿಹರ