ಹತ್ತು ನಿಮಿಷದ ಕೆಲಸಕ್ಕೆ ಹುಬ್ಬಳ್ಳಿವರೆಗೆ!

ಮಾನ್ಯರೇ,

ಮೂರು ವರ್ಷದೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಕ್ಯಾನ್ಸರ್ ಡೇ ಕೇರ್ ಕೇಂದ್ರ ತೆರೆಯುತ್ತೇವೆ ಎಂದು ಕೇಂದ್ರ ಸರ್ಕಾರ 2025ರ ಬಜೆಟ್‌ನಲ್ಲಿ ಹೇಳಿತ್ತು. ಒಳ್ಳೆಯದೇ. ಅದರ ಜೊತೆಗೇ ಆಗಬೇಕಾದ ಸಣ್ಣ ಕೆಲಸವೊಂದಿದೆ: ಕೀಮೋ ಔಷಧಿ ಕೊಡಲು ಚರ್ಮದಡಿ ಕೂರಿಸುವ ಪೋರ್ಟ್ ನೋಡಿಕೊಳ್ಳಲು ತಾಲ್ಲೂಕು ಆಸ್ಪತ್ರೆಯ ನರ್ಸ್‌ಗಳಿಗೆ ತರಬೇತಿ.

ನನಗೆ ಬಲ ಸ್ತನದ ಕ್ಯಾನ್ಸರ್ ಆಗಿತ್ತು. ಕೀಮೋ ಶುರುವಾದ ಸ್ವಲ್ಪ ದಿನಕ್ಕೇ ಕೈಯಲ್ಲಿ ನರ ಸಿಗುವುದೇ ಕಷ್ಟವಾಯಿತು. ಕೀಮೋದಲ್ಲಿ ನನಗೆ ಕೊಡುತ್ತಿದ್ದ ಕೆಂಪು ಔಷಧಿ ನರದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸವನ್ನೇ ಸುಟ್ಟುಬಿಡುತ್ತದಂತೆ. ಹಾಗಾಗಿ ಡಾಕ್ಟರು ಎಡಗಡೆ ಕಾಲರ್ ಬೋನ್ (ಕತ್ತಿನ ಬುಡದ ಅಡ್ಡ ಮೂಳೆ) ಕೆಳಗೆ ಕೀಮೋ ಪೋರ್ಟ್ ಕೂರಿಸಿದರು. ಚರ್ಮದಡಿ ಅಡಿಕೆಯಷ್ಟು ಉಬ್ಬು. ಅದಕ್ಕೆ ಸೂಜಿ ಚುಚ್ಚಿ ಕೊಟ್ಟ ಔಷಧಿ ತೆಳ್ಳಗಿನ ಕೊಳವೆಯಲ್ಲಿ ಹೃದಯದ ಹತ್ತಿರದ ದೊಡ್ಡ ರಕ್ತನಾಳಕ್ಕೆ ಹೋಗುತ್ತದೆ. ಸ್ನಾನಕ್ಕೆ, ಅಡುಗೆಗೆ ಏನೂ ಅಡ್ಡಿಯಿಲ್ಲ. ಸೆರಗಿನ ಪಿನ್ ಹಾಕುವ ಜಾಗ ಬದಲಾಯಿತು, ಅಷ್ಟೇ.

ಚಿಕಿತ್ಸೆ ಮುಗಿದಿದೆ. ಪೋರ್ಟ್ ಇನ್ನೂ ಸ್ವಲ್ಪ ಕಾಲ ಇರಲಿ ಅಂದಿದ್ದಾರೆ. ಸುಮ್ನೆ ಬಿಟ್ಟರೆ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅದಕ್ಕೆ ತಿಂಗಳಿಗೊಮ್ಮೆ ಸಲೈನ್, ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ) ಹಾಕಿ ಫ್ಲಶ್ ಮಾಡಿಸಬೇಕು, ಅಂದರೆ ಕೊಳವೆ ತೊಳೆಸಬೇಕು. ಹತ್ತು ನಿಮಿಷದ ಕೆಲಸ. ಆದರೆ ಶಿರಸಿಯಲ್ಲಿ ನಾನು ಕೇಳಿದ ಕಡೆಯಲ್ಲೆಲ್ಲ ಅದನ್ನು ಮಾಡುವವರು ಸಿಗಲಿಲ್ಲ. ಒಬ್ಬ ಸಿಸ್ಟರ್, 'ಇದು ಪೇಸ್‌ಮೇಕರಾ ಅಕ್ಕಾ?' ಅಂತ ಕೇಳಿದರು. ಗೊತ್ತಿಲ್ಲ ಅಂತ ಒಪ್ಪಿಕೊಂಡರಲ್ಲ, ಅವರ ಮೇಲೆ ಬೇಜಾರಿಲ್ಲ. ಇನ್ನೊಂದು ಕಡೆ ಮಾಮೂಲಿ ಸೂಜಿಯನ್ನೇ ಹಿಡಿದುಕೊಂಡು ಬಂದರು! ನಾನು ಎದ್ದೇ ಬಂದೆ. ಪೋರ್ಟ್‌ಗೆ ತುದಿ ಬಾಗಿದ ಹ್ಯೂಬರ್ ಸೂಜಿಯೇ ಬೇಕು. ಮಾಮೂಲಿ ಸೂಜಿ ಒಳಗಿನ ಸಿಲಿಕೋನ್ ಮುಚ್ಚಳವನ್ನು ಚೂರು ಚೂರೇ ಕೊರೆದು ಸೋರುವಂತೆ ಮಾಡುತ್ತದೆ. ಸಿರಿಂಜ್ ಕೂಡ 10 ಎಂ.ಎಲ್.ಗಿಂತ ಚಿಕ್ಕದಿರಬಾರದು, ಒತ್ತಡ ಜಾಸ್ತಿಯಾಗಿ ಕೊಳವೆ ಒಡೆಯಬಹುದು.

ಹಾಗಾಗಿ ಸುಮಾರು 100 ಕಿ.ಮೀ. ದೂರದ ಹುಬ್ಬಳ್ಳಿಗೆ ಬಸ್ಸು. ಒಂದು ದಿನ ಹೋಯಿತು ಅಂತಲೇ ಲೆಕ್ಕ. ನನಗೇನೋ ಮಗ ಜೊತೆಗೆ ಬರುತ್ತಾನೆ. ಕೂಲಿ ಬಿಟ್ಟು ಹೋಗಬೇಕಾದವರು ಏನು ಮಾಡುತ್ತಾರೆ? ಒಂದು ತಿಂಗಳು ತಪ್ಪಿಸುತ್ತಾರೆ, ಆಮೇಲೆ ಇನ್ನೊಂದು. ಕೊನೆಗೆ ದುಡ್ಡು ಕೊಟ್ಟು ಹಾಕಿಸಿಕೊಂಡ ಪೋರ್ಟೇ ಕಟ್ಟಿಕೊಂಡು ಕೂರುತ್ತದೆ.

ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಇಬ್ಬರು ನರ್ಸ್‌ಗಳಿಗೆ ಆರೋಗ್ಯ ಇಲಾಖೆ ಈ ತರಬೇತಿ ಕೊಡಿಸಲಿ. ಇಬ್ಬರು ಯಾಕೆಂದರೆ ಒಬ್ಬರು ರಜೆ ಹಾಕಿದರೆ ಮತ್ತೆ ನಮಗೆ ಹುಬ್ಬಳ್ಳಿ ಬಸ್ಸೇ ಗತಿ, ಅಲ್ವಾ? ಹ್ಯೂಬರ್ ಸೂಜಿಗಳೂ ಒಂದಷ್ಟು ಸ್ಟಾಕ್ ಇರಲಿ. ಫ್ಲಶ್ ಆದ ಮೇಲೆ ಚಳಿ ಜ್ವರ ಬಂದರೆ ಅದು ಪೋರ್ಟ್‌ನ ಸೋಂಕು ಇರಬಹುದು ಎಂಬುದನ್ನೂ ಆ ತರಬೇತಿಯಲ್ಲೇ ಹೇಳಿಕೊಡಲಿ. ಬರೀ ಪ್ಯಾರಾಸಿಟಮಾಲ್ ಕೊಟ್ಟು ಮನೆಗೆ ಕಳಿಸುವ ಜ್ವರ ಅದಲ್ಲ.

– ಒಬ್ಬ ಓದುಗರು, ಶಿರಸಿ